ಗುಳಿಗೆ ನಾಟದ ರೋಗಾಣು



ಹೋದ ತಿಂಗಳ ಒಂದು ಭಾನುವಾರ ಸಂಜೆ ವಾಚನಾಲಯದಲ್ಲಿ ಪತ್ರಿಕೆಗಳನ್ನು ಜೋಡಿಸಿಡುತ್ತಿದ್ದಾಗ, ಯಾದಗಿರಿ ಕಡೆಯ ಮಿತ್ರರೊಬ್ಬರು ಬಂದು, ‘ಅಣ್ಣಾರ, ಫಾರಂ ಕೋಳಿ ತಿಂದವ್ರಿಗೆ ಗುಳಿಗಿ ನಾಟಂಗಿಲ್ಲಂತ. ಖರೇ ಏನ್ರಿ?’ ಎಂದು ಕೇಳಿದರು. ಪಕ್ಕದಲ್ಲಿ ಕುಳಿತಿದ್ದವರು ನಕ್ಕರು. ನಮಗೆ ನಗು ಬರಲಿಲ್ಲ. ಏಕೆಂದರೆ ಇಂಥ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ನಾವು ಒಮ್ಮೆ ಪೆಟ್ಟು ತಿಂದವರು. ಆ ಮಿತ್ರರು ಕೇಳಿದ್ದರಲ್ಲಿ ಅರ್ಧ ನಿಜವಿದೆ, ಅರ್ಧ ತಪ್ಪಿದೆ. ಯಾವುದು ನಿಜ, ಯಾವುದು ತಪ್ಪು ಎಂಬುದನ್ನು ಬಿಡಿಸಿ ಹೇಳುವುದೇ ಈ ಪಾಠದ ಉದ್ದೇಶ. ನಾವು ವೈದ್ಯರಲ್ಲ, ಗಿರಣಿಯಲ್ಲಿ ಲೆಕ್ಕ ಬರೆಯುವವರು. ಓದಿ ತಿಳಿದುದನ್ನೂ ಕಂಡುದನ್ನೂ ನಮ್ಮ ಮಾತಿನಲ್ಲಿ ಹೇಳುತ್ತೇವೆ.

1. ನಮ್ಮ ಕೋಣೆಯಲ್ಲಿ ನಡೆದುದು

ಕೆಲವು ವರ್ಷಗಳ ಹಿಂದಿನ ಮಾತು. ಜೀಡಿಮೆಟ್ಲದ ಕಡೆ ಒಂದೇ ಕೋಣೆಯಲ್ಲಿ ನಾವು ಆರು ಜನ ಇದ್ದೆವು. ಬೇಸಿಗೆಯ ಒಂದು ಶನಿವಾರ, ಪಗಾರದ ದಿನ, ಕೋಳಿ ಬಿರಿಯಾನಿ ತರಿಸಿದೆವು. ಉಳಿದುದನ್ನು ಮುಚ್ಚಿ ಮೂಲೆಯಲ್ಲಿಟ್ಟು ಮಲಗಿದೆವು. ಬೆಳಿಗ್ಗೆ ಮೂವರು ಅದನ್ನು ಬಿಸಿ ಮಾಡದೆಯೇ ತಿಂದರು. ರಾತ್ರಿಯೊಳಗೆ ಮೂವರಿಗೂ ಹೊಟ್ಟೆನೋವು, ವಾಂತಿ, ಭೇದಿ, ಮೈಮೇಲೆ ಜ್ವರ.

ಆ ಕೋಣೆಯಲ್ಲಿ ಮೆಟ್ರಿಕ್ ಓದಿದವರು ನಾವೊಬ್ಬರೇ ಆದುದರಿಂದ ವೈದ್ಯಕೀಯವೂ ನಮ್ಮ ಪಾಲಿಗೆ ಬಂತು. ಹಿಂದಿನ ಜ್ವರದಲ್ಲಿ ನಾವು ಅರ್ಧಕ್ಕೆ ನಿಲ್ಲಿಸಿದ್ದ ಗುಳಿಗೆಗಳು ಪೆಟ್ಟಿಗೆಯಲ್ಲಿದ್ದುವು. ತಲೆಗೆ ಎರಡರಂತೆ ಹಂಚಿದೆವು. ಇಬ್ಬರು ಮೂರನೆಯ ದಿನಕ್ಕೆ ಎದ್ದು ಕುಳಿತರು. ನಮ್ಮ ಗುಳಿಗೆಯ ಗುಣವೆಂದು ಬೀಗಿದೆವು. ಮೂರನೆಯವರು, ಹತ್ತೊಂಬತ್ತರ ಹುಡುಗ, ಏಳಲಿಲ್ಲ. ಕಣ್ಣು ಗುಳಿಬಿದ್ದು ನಾಲಗೆ ಒಣಗಿತು. ಆಟೋದಲ್ಲಿ ಎತ್ತಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ಒಂಬತ್ತು ದಿನ ಅಲ್ಲಿದ್ದು ಬದುಕಿ ಬಂದ. ಒಂಬತ್ತು ದಿನದ ಕೂಲಿ ಹೋಯಿತು. ಊರಿಗೆ ಕಳಿಸಬೇಕಾಗಿದ್ದ ಹಣವೂ ಹೋಯಿತು.

ಪರೀಕ್ಷೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಕಂಡಿತು. ನಾವು ಕೊಟ್ಟಿದ್ದ ಗುಳಿಗೆಯ ಹೆಸರು ಹೇಳಿದಾಗ ವೈದ್ಯರು ತೆಲುಗಿನಲ್ಲಿ ಹೇಳಿದ ಮಾತಿನ ಸಾರಾಂಶ ಇಷ್ಟು: ‘ಆ ಇಬ್ಬರು ನಿಮ್ಮ ಗುಳಿಗೆಯಿಂದ ಎದ್ದವರಲ್ಲ, ತಾವಾಗಿಯೇ ಎದ್ದವರು. ಈ ಹುಡುಗನ ಹೊಟ್ಟೆಯಲ್ಲಿರುವ ರೋಗಾಣು ಆ ಗುಳಿಗೆಗೆ ಬಗ್ಗುವುದಿಲ್ಲ. ಇವನಿಗೆ ಮೊದಲ ದಿನವೇ ಬೇಕಾಗಿದ್ದುದು ಉಪ್ಪು ಸಕ್ಕರೆಯ ನೀರು. ಅದನ್ನು ಏಕೆ ಕೊಡಲಿಲ್ಲ?’ ನಮ್ಮಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಈ ವಿಷಯವನ್ನು ಓದಲು ಹಿಡಿದೆವು.

2. ಈ ರೋಗಾಣು ಯಾವುದು?

1885ರಲ್ಲಿ ಅಮೆರಿಕದಲ್ಲಿ ಥಿಯೋಬಾಲ್ಡ್ ಸ್ಮಿತ್ ಎಂಬವರು ಹಂದಿಗಳ ರೋಗವನ್ನು ಶೋಧಿಸುವಾಗ ಇದನ್ನು ಕಂಡರು. ಅವರ ಮೇಲಧಿಕಾರಿಯಾಗಿದ್ದ ಪಶುವೈದ್ಯ ಡೇನಿಯಲ್ ಸಾಲ್ಮನ್ ಅವರ ಹೆಸರಿನಿಂದ ಸಾಲ್ಮೊನೆಲ್ಲಾ ಎಂಬ ಹೆಸರಾಯಿತು. ಸಾಲ್ಮನ್ ಎಂಬ ಮೀನಿಗೂ ಇದಕ್ಕೂ ಸಂಬಂಧವಿಲ್ಲ.

ಇದರಲ್ಲಿ ಎರಡು ಪಂಗಡಗಳನ್ನು ಬೇರ್ಪಡಿಸಿ ತಿಳಿಯಬೇಕು. ಟೈಫಾಯ್ಡ್, ಅಂದರೆ ವಿಷಮಶೀತ ಜ್ವರವನ್ನು ತರುವ ಸಾಲ್ಮೊನೆಲ್ಲಾ ಒಂದು. ಅದು ಮನುಷ್ಯನಿಂದ ಮನುಷ್ಯನಿಗೆ, ಹೊಲಸು ಸೇರಿದ ನೀರು ಮತ್ತು ಆಹಾರದ ಮೂಲಕ ಬರುವುದು, ಕೋಳಿಯಿಂದ ಬರುವುದಲ್ಲ. ಇನ್ನೊಂದು ಪಂಗಡ ಕೋಳಿ, ದನ, ಹಂದಿ ಮೊದಲಾದ ಪ್ರಾಣಿಗಳ ಕರುಳಿನಲ್ಲಿ ವಾಸಿಸುವುದು. ಕೋಳಿಗೆ ಇದರಿಂದ ಅನೇಕ ವೇಳೆ ಏನೂ ಆಗುವುದಿಲ್ಲ. ಕೋಳಿ ಲವಲವಿಕೆಯಿಂದಲೇ ಇರುತ್ತದೆ. ಆದಕಾರಣ ‘ಆರೋಗ್ಯವಾದ ಕೋಳಿಯನ್ನೇ ಆರಿಸಿ ತಂದೆವು’ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ಇದು ಹೊಟ್ಟೆ ಸೇರಿದ ಮೇಲೆ ಆರು ಗಂಟೆಯಿಂದ ಆರು ದಿನಗಳೊಳಗೆ ಭೇದಿ, ಜ್ವರ, ಹೊಟ್ಟೆನೋವು ಕಾಣಿಸುತ್ತದೆ. ಗಟ್ಟಿಮುಟ್ಟಾದ ವಯಸ್ಕರಲ್ಲಿ ನಾಲ್ಕರಿಂದ ಏಳು ದಿನಗಳಲ್ಲಿ ತಾನಾಗಿಯೇ ಇಳಿಯುವುದು ರೂಢಿ. ಆದರೆ ಕೂಸುಗಳಿಗೆ, ವೃದ್ಧರಿಗೆ, ಗರ್ಭಿಣಿಯರಿಗೆ, ಬೇರೆ ಕಾಯಿಲೆಯಿಂದ ಸೊರಗಿದವರಿಗೆ ಇದು ಕರುಳನ್ನು ದಾಟಿ ರಕ್ತ ಸೇರಬಹುದು. ಆಗ ಪ್ರತಿಜೀವಕ, ಅಂದರೆ ಆಂಟಿಬಯೋಟಿಕ್ ಔಷಧಿಯೇ ಜೀವ ಉಳಿಸಬೇಕು. ಅದೇ ನಾಟದೆ ಹೋದರೆ? ನಿಜವಾದ ಭಯ ಇರುವುದು ಇಲ್ಲಿ.

3. ಔಷಧಿ ಏಕೆ ಸೋಲುತ್ತದೆ?

ಔಷಧಿ ಎಂಬುದು ಒಂದು ಜರಡಿ ಎಂದುಕೊಳ್ಳಿ. ಒಂದು ಕೋಟಿ ರೋಗಾಣುಗಳಲ್ಲಿ ಒಂದೆರಡು ಹುಟ್ಟಿನಿಂದಲೇ ಸ್ವಲ್ಪ ಗಡುಸಾಗಿರುತ್ತವೆ. ಔಷಧಿ ಬಿದ್ದಾಗ ಮೆತ್ತನೆಯವೆಲ್ಲ ಸಾಯುತ್ತವೆ, ಗಡುಸಾದವು ಜರಡಿಯ ಮೇಲೆ ಉಳಿಯುತ್ತವೆ. ಪೂರ್ತಿ ಮೊತ್ತದ ಔಷಧಿ ಬಿದ್ದರೆ ಉಳಿದ ಒಂದೆರಡನ್ನು ನಮ್ಮ ದೇಹವೇ ಮುಗಿಸೀತು. ಅರೆಬರೆ ಔಷಧಿಯನ್ನು ದಿನದಿನವೂ ಹಾಕುತ್ತಿದ್ದರೆ ಗಡುಸಾದವುಗಳಿಗೆ ಜಾಗ ಬಿಟ್ಟುಕೊಟ್ಟಂತಾಯಿತು. ಅವುಗಳ ಸಂತಾನವೆಲ್ಲ ಗಡುಸೇ. ಪೆನಿಸಿಲಿನ್ ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗ್ ಅವರು 1945ರಲ್ಲಿ ನೊಬೆಲ್ ಬಹುಮಾನ ಪಡೆದಾಗ ಮಾಡಿದ ಭಾಷಣದಲ್ಲೇ ಈ ಎಚ್ಚರಿಕೆಯನ್ನು ಕೊಟ್ಟಿದ್ದರು.

ಇನ್ನೊಂದು ಸಂಗತಿ ಇದಕ್ಕಿಂತ ಕೆಟ್ಟದ್ದು. ರೋಗಾಣುಗಳು ತಮ್ಮ ಗಡಸುತನದ ಗುಟ್ಟನ್ನು ಒಂದರಿಂದ ಒಂದಕ್ಕೆ ದಾಟಿಸಬಲ್ಲವು. ಒಂದು ಬೀಗದ ಕೈಯ ನಕಲನ್ನು ಮಾಡಿ ಓಣಿಯವರಿಗೆಲ್ಲ ಹಂಚಿದಂತೆ ಇದು. ಕೋಳಿಯ ಕರುಳಿನಲ್ಲಿ ಅಪಾಯವಿಲ್ಲದ ಒಂದು ಸೂಕ್ಷ್ಮಜೀವಿ ಕಲಿತ ಗುಟ್ಟು ನಾಳೆ ಸಾಲ್ಮೊನೆಲ್ಲಾದ ಕೈಗೆ ಬರಬಹುದು.

ಇಲ್ಲಿ ಗಮನಿಸಿ: ಕೋಳಿ ತಿಂದ ಮನುಷ್ಯನ ಮೈ ಔಷಧಿಗೆ ಗಡುಸಾಗುವುದಿಲ್ಲ. ಗಡುಸಾಗುವುದು ರೋಗಾಣು. ಯಾದಗಿರಿಯ ಮಿತ್ರರ ಪ್ರಶ್ನೆಯಲ್ಲಿ ತಪ್ಪಿದ್ದ ಅರ್ಧಭಾಗ ಇದೇ.

4. ಕೋಳಿಯ ಮೇವಿಗೆ ಔಷಧಿ ಬಂದ ಬಗೆ

ಈ ಕಥೆಯ ಆರಂಭದಲ್ಲಿ ನಮ್ಮ ನೆರೆಯ ಆಂಧ್ರದವರೊಬ್ಬರ ಹೆಸರು ಬರುತ್ತದೆ. 1895ರಲ್ಲಿ ಭೀಮಾವರದಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್ ಅವರು ಅಮೆರಿಕದ ಲೆಡರ್ಲೆ ಸಂಸ್ಥೆಯಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದರು. ಅವರ ಕೈಕೆಳಗೆ ಬೆಂಜಮಿನ್ ಡಗ್ಗರ್ ಎಂಬ ವಯೋವೃದ್ಧ ವಿಜ್ಞಾನಿ ಮಣ್ಣಿನ ಸೂಕ್ಷ್ಮಜೀವಿಯಿಂದ ಆರಿಯೋಮೈಸಿನ್ ಎಂಬ ಪ್ರತಿಜೀವಕವನ್ನು ತೆಗೆದರು. 1948ರಲ್ಲಿ ಅದು ಲೋಕಕ್ಕೆ ತಿಳಿಯಿತು. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ಅದೆಷ್ಟೋ ಪ್ರಾಣಗಳನ್ನು ಉಳಿಸಿದ ಔಷಧಿ ಅದು.

ಅದೇ ಸಂಸ್ಥೆಯ ಥಾಮಸ್ ಜೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಾಡ್ ಎಂಬವರು, ಔಷಧಿ ತಯಾರಿಸಿದ ಮೇಲೆ ಉಳಿದ ಗಸಿಯನ್ನು ಕೋಳಿಮರಿಗಳಿಗೆ ತಿನ್ನಿಸಿ ನೋಡಿದರು. ಮರಿಗಳು ಬೇಗ ತೂಕ ಬಂದುವು. 1950ರ ಹೊತ್ತಿಗೆ ಸುದ್ದಿ ಹರಡಿತು. ರೋಗವಿಲ್ಲದ ಪ್ರಾಣಿಗೂ ದಿನದ ಮೇವಿನಲ್ಲಿ ಚಿಟಿಕೆ ಔಷಧಿ ಬೆರೆಸುವ ಪದ್ಧತಿ ಹುಟ್ಟಿತು. ರೋಗಾಣುವಿಗೆ ಪಾಠ ಕಲಿಸಲು ಇದಕ್ಕಿಂತ ಒಳ್ಳೆಯ ಶಾಲೆ ಬೇಕೆ? 1969ರಲ್ಲೇ ಬ್ರಿಟನ್ನಿನ ಸ್ವಾನ್ ಸಮಿತಿ ಇದು ಸಲ್ಲದು ಎಂದು ವರದಿ ಕೊಟ್ಟಿತು. ಸ್ವೀಡನ್ ದೇಶ 1986ರಲ್ಲಿ, ಯೂರೋಪ್ ಒಕ್ಕೂಟ ಪೂರ್ತಿಯಾಗಿ 2006ರಲ್ಲಿ, ತೂಕ ಬರಿಸುವುದಕ್ಕಾಗಿ ಪ್ರತಿಜೀವಕ ಬೆರೆಸುವುದನ್ನು ನಿಲ್ಲಿಸಿದುವು.

ನಾವೂ ಇದರಿಂದ ದೂರವಿದ್ದವರಲ್ಲ. ನಾವು ಲೆಕ್ಕ ಬರೆಯುವ ಗಿರಣಿಯಲ್ಲಿ ಮೆಕ್ಕೆಜೋಳ, ಸೋಯಾ ಹಿಂಡಿ ಅರೆದು ಕೋಳಿ ಮೇವು ಮಾಡುತ್ತಾರೆ. ಹಿಂದೆ ಬಿಲ್ಲಿನ ಕೊನೆಯಲ್ಲಿ ‘ಮೆಡಿಸಿನ್’ ಎಂದು ಒಂದು ಸಾಲು ಬರುತ್ತಿತ್ತು. ಕಿಲೋ ಎಷ್ಟು, ದರ ಎಷ್ಟು ಎಂದು ನೋಡಿ ಕೂಡಿಸಿ ಬರೆದೆವೇ ಹೊರತು ಯಾವ ಔಷಧಿ, ಯಾವ ರೋಗಕ್ಕೆ ಎಂದು ಒಂದು ದಿನವೂ ಕೇಳಲಿಲ್ಲ. ಆ ಹುಡುಗನ ಹಾಸಿಗೆಯ ಪಕ್ಕದಲ್ಲಿ ಕುಳಿತಾಗ ಆ ಸಾಲು ನೆನಪಿಗೆ ಬಂತು.

5. ನಮ್ಮ ನಗರದ ಮಗ್ಗುಲಲ್ಲಿ

ಹೈದರಾಬಾದಿನ ಸುತ್ತಮುತ್ತ ಕೋಳಿ ಸಾಕಣೆ ದೊಡ್ಡ ಉದ್ಯಮ. ರಾಜೇಂದ್ರನಗರದಲ್ಲಿ ಕೇಂದ್ರ ಸರ್ಕಾರದ ಕೋಳಿ ಸಂಶೋಧನಾ ನಿರ್ದೇಶನಾಲಯವೇ ಇದೆ. 2018ರ ಜನವರಿಯಲ್ಲಿ ಲಂಡನ್ನಿನ ಒಂದು ಪತ್ರಿಕಾ ತನಿಖಾ ಸಂಸ್ಥೆಯವರು ನಮ್ಮ ನಗರಕ್ಕೆ ತಾಗಿದ ರಂಗಾರೆಡ್ಡಿ ಜಿಲ್ಲೆಯ ಕೋಳಿ ಶೆಡ್ಡನ್ನು ಕಂಡು ಬರೆದರು. ಸುಮಾರು 5,000 ಮರಿಗಳು. ಐದು ವಾರದ ಆಯುಷ್ಯ. ನೋಡಿಕೊಳ್ಳುವ ಹೆಂಗಸು, ಮೇಲ್ವಿಚಾರಕ ಬಂದು ಹೇಳಿದ ಔಷಧಿಗಳನ್ನು ಮರಿಗಳಿಗೆ ಕೊಡಬೇಕಾಗುತ್ತದೆ ಎಂದಳಂತೆ. ಇಲ್ಲಿ ಯಾರನ್ನು ಬೈಯುವುದು? ಅನೇಕ ಕಡೆ ಮರಿ, ಮೇವು, ಔಷಧಿ ಎಲ್ಲವೂ ಕಂಪನಿಯವು. ಶೆಡ್ಡು, ದುಡಿಮೆ ಮಾತ್ರ ರೈತನವು. ಬೆಳೆದ ತೂಕಕ್ಕೆ ಕೂಲಿ. ಮರಿ ಸತ್ತರೆ ಅವನ ಗಳಿಕೆಗೇ ಪೆಟ್ಟು. ನಮ್ಮಂತೆಯೇ ಅವನೂ ಹೇಳಿದುದನ್ನು ಮಾಡುವವನು.

ಅದೇ ವರದಿಯಲ್ಲಿ ಇನ್ನೊಂದು ಸಂಗತಿಯಿತ್ತು. ಕೊಲಿಸ್ಟಿನ್ ಎಂಬ ಪ್ರತಿಜೀವಕ 2016ರಲ್ಲಿ ನೂರಾರು ಟನ್ನುಗಳಷ್ಟು ನಮ್ಮ ದೇಶಕ್ಕೆ ಪ್ರಾಣಿಗಳಿಗಾಗಿ ಬಂದಿತ್ತು. ಕೊಲಿಸ್ಟಿನ್ ಎಂದರೆ ಏನು? ಅದು ಮೂತ್ರಪಿಂಡಕ್ಕೆ ಕೆಡುಕು ಮಾಡುತ್ತದೆಂದು ವೈದ್ಯರು ಒಮ್ಮೆ ಬದಿಗಿಟ್ಟಿದ್ದ ಹಳೆಯ ಔಷಧಿ. ಹೊಸ ಔಷಧಿಗಳೆಲ್ಲ ಸೋತಾಗ ಬೇರೆ ದಾರಿಯಿಲ್ಲದೆ ಅದನ್ನು ಮತ್ತೆ ಕೈಗೆತ್ತಿಕೊಂಡರು. ಆಸ್ಪತ್ರೆಯಲ್ಲಿ ಸಾವಿನ ಬಾಗಿಲಲ್ಲಿರುವವರಿಗೆ ಕೊಡುವ ಕೊನೆಯ ಅಸ್ತ್ರ ಅದು. ಆ ಅಸ್ತ್ರವನ್ನು ಕೋಳಿ ಮರಿಯ ನೀರಿಗೆ ಬೆರೆಸಿದರೆ ರೋಗಾಣು ಅದನ್ನೂ ಕಲಿಯದೆ ಇದ್ದೀತೆ? ಕೊಲಿಸ್ಟಿನ್ನಿಗೆ ಬಗ್ಗದ, ಒಂದು ರೋಗಾಣುವಿನಿಂದ ಇನ್ನೊಂದಕ್ಕೆ ದಾಟುವ ಗುಣವನ್ನು 2015ರಲ್ಲೇ ಚೀನಾದ ವಿಜ್ಞಾನಿಗಳು ಹಂದಿಗಳಲ್ಲಿ, ಮಾಂಸದಲ್ಲಿ, ರೋಗಿಗಳಲ್ಲಿ ಕಂಡಿದ್ದರು.

2019ರ ಜುಲೈನಲ್ಲಿ ಭಾರತ ಸರ್ಕಾರ ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ, ಮೀನು ಮತ್ತು ಅವುಗಳ ಮೇವಿಗಾಗಿ ಕೊಲಿಸ್ಟಿನ್ ತಯಾರಿಸುವುದನ್ನೂ ಮಾರುವುದನ್ನೂ ನಿಷೇಧಿಸಿತು. 2025ರ ಏಪ್ರಿಲ್ 1ರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ ಹೊಸ ನಿಯಮಗಳಲ್ಲಿ ನಿಷೇಧಿತ ಪ್ರತಿಜೀವಕಗಳ ಪಟ್ಟಿ ಇನ್ನೂ ಬೆಳೆದಿದೆ. ಇವು ಒಳ್ಳೆಯ ಕೆಲಸಗಳು. ಆದರೆ ಗೆಜೆಟ್ಟಿನ ಕಾಗದ ತಾನಾಗಿ ಶೆಡ್ಡಿಗೆ ನಡೆದು ಹೋಗುವುದಿಲ್ಲ. ಈಗಾಗಲೇ ಗಡುಸಾಗಿರುವ ರೋಗಾಣುವೂ ಕಾಗದ ನೋಡಿ ಓಡುವುದಿಲ್ಲ.

6. ಅಂಗಡಿಯ ದಿಮ್ಮಿಯಿಂದ ತಟ್ಟೆಯವರೆಗೆ

ರೋಗಾಣು ಇರುವುದು ಕೋಳಿಯ ಕರುಳಿನಲ್ಲಿ ಮತ್ತು ಪುಕ್ಕಕ್ಕೆ ಮೆತ್ತಿದ ಹೊಲಸಿನಲ್ಲಿ. ಅದು ಮಾಂಸಕ್ಕೆ ಬರುವುದು ಕೊಯ್ಯುವಾಗ. ದೊಡ್ಡ ಕಾರ್ಖಾನೆಯಲ್ಲಿ ನೂರಾರು ಕೋಳಿಗಳು ಒಂದೇ ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿ, ಪುಕ್ಕ ಕೀಳುವ ಒಂದೇ ಯಂತ್ರವನ್ನು ದಾಟಿ, ಒಂದೇ ತಣ್ಣೀರಿನ ತೊಟ್ಟಿಗೆ ಬೀಳುತ್ತವೆ. ಒಂದರ ಹೊಲಸು ಹತ್ತಕ್ಕೆ ಹತ್ತುತ್ತದೆ. ಓಣಿಯ ಅಂಗಡಿಯಲ್ಲಿ ತೊಟ್ಟಿಯಿಲ್ಲ, ಆದರೆ ಒಂದೇ ಡ್ರಮ್ಮು, ಒಂದೇ ಕತ್ತಿ, ಒಂದೇ ಮರದ ದಿಮ್ಮಿ, ಕೈ ಒರೆಸುವ ಒಂದೇ ಬಟ್ಟೆ. ಕರುಳು ಹರಿದು ದಿಮ್ಮಿಯ ಮೇಲೆ ಚೆಲ್ಲಿತೋ, ಆ ಹೊತ್ತಿನ ಗಿರಾಕಿಗಳೆಲ್ಲರ ಚೀಲಕ್ಕೂ ಪಾಲು.

ಯಂತ್ರ, ಪರೀಕ್ಷೆ ಎಲ್ಲವೂ ಇರುವ ದೇಶಗಳಲ್ಲೂ ಇದು ತಪ್ಪಿಲ್ಲ. ಅಮೆರಿಕದಲ್ಲಿ 2013 ಮತ್ತು 2014ರಲ್ಲಿ ಒಂದು ಕಂಪನಿಯ ಕೋಳಿಮಾಂಸದಿಂದ ಸಾಲ್ಮೊನೆಲ್ಲಾ ಹರಡಿ 634 ಜನರಿಗೆ ರೋಗ ಬಂದುದು ದಾಖಲಾಯಿತು. ಅಲ್ಲಿಯೂ ರೋಗಾಣುವಿನ ಹಲವು ತಳಿಗಳು ಒಂದಕ್ಕಿಂತ ಹೆಚ್ಚು ಔಷಧಿಗಳಿಗೆ ಬಗ್ಗುತ್ತಿರಲಿಲ್ಲ.

ನಮ್ಮ ಗಡಿನಾಡಿನ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ 2022ರ ಮೇ ತಿಂಗಳಿನಲ್ಲಿ ಕೋಳಿ ಶವರ್ಮಾ ತಿಂದು ಹಲವರು ಆಸ್ಪತ್ರೆ ಸೇರಿದರು. ಒಬ್ಬ ವಿದ್ಯಾರ್ಥಿನಿ ತೀರಿಕೊಂಡಳು. ತಿನಿಸನ್ನು ಪರೀಕ್ಷಿಸಿದಾಗ ಸಾಲ್ಮೊನೆಲ್ಲಾ ಮತ್ತು ಶಿಗೆಲ್ಲಾ ಎಂಬ ಎರಡು ರೋಗಾಣುಗಳು ಕಂಡುವೆಂದು ಕೇರಳ ಸರ್ಕಾರ ಪ್ರಕಟಿಸಿತು. ನಮ್ಮ ನಗರದಲ್ಲೇ 2024ರ ಅಕ್ಟೋಬರಿನಲ್ಲಿ ಬೀದಿಯ ಮೊಮೊ ತಿಂದು ಒಬ್ಬ ಹೆಂಗಸು ಸತ್ತು ಹಲವರು ಮಲಗಿದ ಬಳಿಕ, ಹಸಿ ಮೊಟ್ಟೆಯಿಂದ ಮಾಡುವ ಮಯೋನೀಸನ್ನು ತೆಲಂಗಾಣ ಸರ್ಕಾರ ಒಂದು ವರ್ಷದ ಮಟ್ಟಿಗೆ ನಿಷೇಧಿಸಿತು. ಮೊಟ್ಟೆಯನ್ನು ಬೇಯಿಸದೆ ಎಣ್ಣೆಯೊಡನೆ ಕಡೆದು ಬಿಸಿಲಿನಲ್ಲಿ ಇಟ್ಟ ಬಿಳಿ ಸಾರು ಅದು. ಸಾಲ್ಮೊನೆಲ್ಲಾಕ್ಕೆ ಅದಕ್ಕಿಂತ ಒಳ್ಳೆಯ ಮನೆ ಸಿಕ್ಕದು.

‘ನಾವು ಮಾಂಸ ಮುಟ್ಟುವವರಲ್ಲ, ನಮಗೇನು?’ ಎಂದು ಕೆಲವರು ಕೇಳಬಹುದು. ಕೋಳಿ ಗೊಬ್ಬರ ಹೊಲಕ್ಕೆ ಹೋಗುತ್ತದೆ. ಕೊತ್ತಂಬರಿ ಅದೇ ಹೊಲದಿಂದ ಬರುತ್ತದೆ. ಕೋಣೆಯಲ್ಲಿ ನಲ್ಲಿ ಒಂದೇ, ಈಳಿಗೆ ಒಂದೇ. ಆಸ್ಪತ್ರೆಯ ವಾರ್ಡಿನಲ್ಲಿ ಗಡುಸು ರೋಗಾಣು ಜಾತಿ ಕೇಳಿ ಹತ್ತುವುದಿಲ್ಲ.

7. ಒಲೆಗೆ ಬಗ್ಗುತ್ತದೆ

ಈಗ ಧೈರ್ಯದ ಮಾತು. ಔಷಧಿಗೆ ಬಗ್ಗದ ರೋಗಾಣು ಬೆಂಕಿಗೆ ಬಗ್ಗುತ್ತದೆ. ಎಷ್ಟು ಔಷಧಿಗಳನ್ನು ಗೆದ್ದುದಾದರೂ ಸರಿಯೇ, ಮಾಂಸದ ಒಳಭಾಗ 74 ಡಿಗ್ರಿ ಸೆಂಟಿಗ್ರೇಡಿಗೆ ಬಿಸಿಯಾದರೆ ಅದು ಸಾಯುತ್ತದೆ. ಕುದಿಯುವ ಸಾರು 100 ಡಿಗ್ರಿ. ಆದುದರಿಂದ ನಮ್ಮ ತಾಯಂದಿರು ಮಾಡುವಂತೆ ಚೆನ್ನಾಗಿ ಕುದಿಸಿದ ಕೋಳಿ ಸಾರಿನಲ್ಲಿ ಈ ಭಯವಿಲ್ಲ. ಭಯವಿರುವುದು ಆ ಸಾರಿನ ಮೊದಲು ಮತ್ತು ಆಮೇಲೆ. ಆದಕಾರಣ ಇಷ್ಟನ್ನು ರೂಢಿ ಮಾಡಿಕೊಳ್ಳೋಣ.

ಮೊದಲನೆಯದಾಗಿ, ಹಸಿ ಮಾಂಸವನ್ನು ಬೇರೆ ಚೀಲದಲ್ಲಿ ತರುವುದು. ಮಾಂಸ ಮುಟ್ಟಿದ ಕೈ, ಚಾಕು, ಮಣೆಗಳನ್ನು ಸೋಪು ಹಾಕಿ ತೊಳೆದ ಮೇಲೆಯೇ ಈರುಳ್ಳಿ, ಸೌತೆಕಾಯಿ ಮುಟ್ಟುವುದು. ಮೊದಲು ತರಕಾರಿ ಹೆಚ್ಚಿಟ್ಟು ಆಮೇಲೆ ಮಾಂಸ ಮುಟ್ಟುವುದು ಇನ್ನೂ ಸುಲಭ.

ಎರಡನೆಯದಾಗಿ, ಮಾಂಸವನ್ನು ನಲ್ಲಿಯ ಕೆಳಗೆ ಹಿಡಿದು ರಭಸದಿಂದ ತೊಳೆಯಬಾರದು. ರೋಗಾಣು ತೊಳೆದು ಹೋಗುವುದಿಲ್ಲ, ಹನಿಗಳೊಡನೆ ಪಕ್ಕದ ಪಾತ್ರೆಗಳ ಮೇಲೆ ಕೂಡುತ್ತದೆ. ರಕ್ತ, ಎಲುಬಿನ ಚೂರು ತೆಗೆಯಲೇಬೇಕೆಂದರೆ ಪಾತ್ರೆಯ ನೀರಿನಲ್ಲಿ ನಿಧಾನವಾಗಿ ತೊಳೆದು, ಆ ಜಾಗವನ್ನು ಸೋಪಿನಿಂದ ತೊಳೆಯಬೇಕು. ಅರಿಸಿನ, ನಿಂಬೆರಸ ರುಚಿಗೆ ಒಳ್ಳೆಯವು. ಅವುಗಳನ್ನು ನಂಬಿ ಅರೆಬೇಯಿಸಬಾರದು.

ಮೂರನೆಯದಾಗಿ, ಎಲುಬಿನ ಹತ್ತಿರ ಕೆಂಪು ಉಳಿಯದಂತೆ ಬೇಯಿಸುವುದು. ಮೊಟ್ಟೆಯ ಹಳದಿ ಗಟ್ಟಿಯಾಗುವವರೆಗೆ ಬೇಯಿಸುವುದು. ಜವಾರಿ ಕೋಳಿಯಾದರೂ ಇದೇ ನಿಯಮ.

ನಾಲ್ಕನೆಯದಾಗಿ, ಮಾಡಿದ ಅಡುಗೆಯನ್ನು ಎರಡು ಗಂಟೆಯೊಳಗೆ ತಿನ್ನುವುದು. ನಮ್ಮ ಬೇಸಿಗೆಯಲ್ಲಿ ಒಂದೇ ಗಂಟೆ ಎನ್ನಿ. ಇದಕ್ಕೆ ಗುಮಾಸ್ತರ ಲೆಕ್ಕ ಕೇಳಿ. ಹಿತವಾದ ಸೆಕೆಯಲ್ಲಿ ಈ ರೋಗಾಣು ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಗಂಟೆಗೆ 3 ಸಲ, 7 ಗಂಟೆಗೆ 21 ಸಲ. ರಾತ್ರಿ ಹತ್ತಕ್ಕೆ ಒಂದೇ ಒಂದು ಇದ್ದುದು ಬೆಳಗಿನ ಐದಕ್ಕೆ 20,97,152 ಆಗುತ್ತದೆ. ಫ್ರಿಜ್ ಇಲ್ಲದ ಕೋಣೆಯಲ್ಲಿ ಉಳಿಯುವಷ್ಟು ತರಿಸಬಾರದು, ಅಷ್ಟೆ. ಫ್ರಿಜ್ ಇದ್ದರೂ ತೆಗೆದುದನ್ನು ಹಬೆಯಾಡುವಂತೆ ಬಿಸಿ ಮಾಡಿಯೇ ತಿನ್ನಬೇಕು.

ಐದನೆಯದಾಗಿ, ಭೇದಿ ಹಿಡಿದರೆ ಮೊದಲು ನೀರು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಂಗಡಿಯ ಓ.ಆರ್.ಎಸ್. ಪೊಟ್ಟಣವಿದ್ದರೆ ಇನ್ನೂ ಒಳಿತು. ಮಲದಲ್ಲಿ ರಕ್ತ, ಇಳಿಯದ ಜ್ವರ, ಮೂತ್ರ ನಿಂತುದು, ಮಂಪರು ಕಂಡರೆ, ಇಲ್ಲವೆ ರೋಗಿ ಕೂಸು, ವೃದ್ಧರು, ಗರ್ಭಿಣಿಯಾದರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು.

ಆರನೆಯದು ನಾವು ಮಾಡಿದ ತಪ್ಪು. ಗುಳಿಗೆಯ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆಯಿದ್ದರೆ ಅದನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದು, ಉಳಿದುದನ್ನು ಹಂಚಬಾರದು. ಕೊಟ್ಟಷ್ಟು ದಿನ ತಪ್ಪದೆ ನುಂಗಬೇಕು. ಸರ್ಕಾರ 2016ರಿಂದ ಈ ಕೆಂಪು ಗೆರೆಯ ಅರ್ಥವನ್ನು ಸಾರುತ್ತಿದೆ.

ಕೊನೆಯದಾಗಿ, ಕೇಳುವುದು. ಅಂಗಡಿಯಲ್ಲಿ ಆಹಾರ ಪರವಾನಗಿಯ 14 ಅಂಕಿಯ ಸಂಖ್ಯೆ ತೂಗುಹಾಕಿದೆಯೇ? ದಿಮ್ಮಿ ತೊಳೆದು ಎಷ್ಟು ಹೊತ್ತಾಯಿತು? ತೀರ ಹೊಲಸು ಕಂಡರೆ ನಗರದ ಆಹಾರ ಸುರಕ್ಷತಾ ಅಧಿಕಾರಿಗೆ ಒಂದು ಅರ್ಜಿ. ಅರ್ಜಿ ಬರೆಯಲು ಬಾರದವರು ಭಾನುವಾರ ವಾಚನಾಲಯಕ್ಕೆ ಬನ್ನಿ, ನಾವು ಬರೆದುಕೊಡುತ್ತೇವೆ. ಕೋಳಿ ಶೆಡ್ಡಿನಲ್ಲಿ, ಮೇವಿನ ಗಿರಣಿಯಲ್ಲಿ ದುಡಿಯುವ ನಮ್ಮವರೂ ಅನೇಕರಿದ್ದಾರೆ. ಯಾವ ಔಷಧಿ, ಏತಕ್ಕೆ, ಪಶುವೈದ್ಯರ ಚೀಟಿ ಎಲ್ಲಿದೆ ಎಂದು ಕೇಳುವುದು ಉದ್ಧಟತನವಲ್ಲ. ನಾವು ಕೇಳತೊಡಗಿದ್ದೇವೆ. ಮೊದಲ ದಿನ ಯಜಮಾನರು ಹುಬ್ಬು ಗಂಟಿಕ್ಕಿದರು. ಎರಡನೆಯ ತಿಂಗಳಿಂದ ಬಿಲ್ಲಿನಲ್ಲಿ ‘ಮೆಡಿಸಿನ್’ ಎಂಬ ಬರಿಯ ಮಾತಿನ ಬದಲು ಔಷಧಿಯ ಹೆಸರು ಬರುತ್ತಿದೆ. ಅದು ಸಣ್ಣದು, ಆದರೆ ಹೆಸರು ಬಂದರೆ ಪ್ರಶ್ನೆ ಕೇಳಬಹುದು.

ಆ ಹುಡುಗ ಈಗ ಊರಿನಲ್ಲಿ ಮದುವೆಯಾಗಿ ಒಂದು ಕೂಸಿನ ತಂದೆ. ನಾಳೆ ಆ ಕೂಸಿಗೆ ಜ್ವರ ಬಂದಾಗ ಗುಳಿಗೆ ನಾಟಬೇಕು. ಅದಕ್ಕಾಗಿ ಇಂದು ಗುಳಿಗೆಯನ್ನು ಉಳಿಸಿಡುವವರು ನಾವು.

ಅಭ್ಯಾಸಕ್ಕೆ ಪ್ರಶ್ನೆಗಳು

1. ಕೋಳಿ ತಿಂದವರಿಗೆ ಗುಳಿಗೆ ನಾಟುವುದಿಲ್ಲ ಎಂಬ ಮಾತಿನಲ್ಲಿ ನಿಜವೆಷ್ಟು, ತಪ್ಪೆಷ್ಟು?
2. ಅರೆಬರೆ ಔಷಧಿಯಿಂದ ರೋಗಾಣು ಗಡುಸಾಗುವುದು ಹೇಗೆ?
3. ನಿಮ್ಮ ಕೋಣೆಯಲ್ಲಿ ಹಸಿ ಮಾಂಸಕ್ಕೂ ತರಕಾರಿಗೂ ಒಂದೇ ಚಾಕು ಇದೆಯೇ? ಈ ವಾರವೇ ಏನು ಬದಲಾಯಿಸಬಹುದು?
4. ಒಂದು ಲೀಟರ್ ನೀರಿಗೆ ಸಕ್ಕರೆ ಎಷ್ಟು, ಉಪ್ಪು ಎಷ್ಟು? ನೋಡದೆ ಹೇಳಿ.

ನಾಲ್ಕನೆಯ ಪ್ರಶ್ನೆಯ ಉತ್ತರವನ್ನು ದಯವಿಟ್ಟು ಕೋಣೆಯ ಗೋಡೆಯ ಮೇಲೆ ಬರೆದಿಡಿ. ನಮ್ಮ ಗೋಡೆಯ ಮೇಲೆ ಅಂದು ಅದು ಇರಲಿಲ್ಲ.